ಕೆಲಸವಿಲ್ಲದೆ ರಾಜಧಾನಿಗೆ

ಮತ್ತಿಘಟ್ಟದ ಕಡೆ ಬೆಂಗಳೂರನ್ನು ಕಾಣದವರು ಈಗ ಅಪರೂಪ. ಒಬ್ಬರು ಆಸ್ಪತ್ರೆಗೆಂದು ಹೋಗಿರುತ್ತಾರೆ. ಇನ್ನೊಬ್ಬರು ಮದುವೆಗೆ, ಮಗದೊಬ್ಬರು ಮಗನನ್ನು ಕಾಲೇಜಿಗೆ ಸೇರಿಸಲು, ಮಗಳ ಬಾಣಂತನಕ್ಕೆ, ಮೊಮ್ಮಗನ ಉಪನಯನಕ್ಕೆ. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದು, ಕೆಲಸ ಮುಗಿಸಿಕೊಂಡು ಮತ್ತೆ ರಾತ್ರಿ ಬಸ್ಸು. ಹೀಗೆ ಹತ್ತು ಸಲ ಹೋಗಿ ಬಂದವರನ್ನೂ ‘ಬೆಂಗಳೂರಿನಲ್ಲಿ ಏನು ನೋಡಿದಿರಿ?’ ಎಂದು ಕೇಳಿದರೆ ‘ನೋಡುವುದಕ್ಕೆ ಪುರುಸೊತ್ತೆಲ್ಲಿ?’ ಎನ್ನುತ್ತಾರೆ. ಬೇಕಾಗಿ ಹೋಗುವುದು ಬೇರೆ, ನೋಡಲು ಹೋಗುವುದು ಬೇರೆ.

ನಮ್ಮ ಮಕ್ಕಳ ಕತೆಯೂ ಇದೇ. ಅವರು ರಾಜಧಾನಿಯನ್ನು ಮೊದಲ ಬಾರಿ ಕಾಣುವುದು ಸೀಟಿಗಾಗಿ, ಇಲ್ಲವೇ ಕೆಲಸದ ಸಂದರ್ಶನಕ್ಕಾಗಿ. ಕೈಯಲ್ಲಿ ಅಂಕಪಟ್ಟಿಯ ಕಡತ, ಎದೆಯಲ್ಲಿ ಪುಕುಪುಕು. ಆ ಹೊತ್ತಿನಲ್ಲಿ ಊರು ಸುಂದರವಾಗಿ ಕಾಣುವುದುಂಟೇ? ನಗರ ಎಂದರೆ ತನ್ನನ್ನು ಪರೀಕ್ಷೆ ಮಾಡುವ ಜಾಗ ಎಂಬ ಭಾವನೆ ಅಂದೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ತಮ್ಮ ರಾಜ್ಯದ ರಾಜಧಾನಿ, ಅಲ್ಲಿನ ಗ್ರಂಥಾಲಯ, ವಸ್ತುಸಂಗ್ರಹಾಲಯ, ಉದ್ಯಾನ ಎಲ್ಲವೂ ತಮ್ಮವೇ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಈ ಸಲ ಕೊನೆಕೊಯ್ಲು ಮುಗಿದು ಅಡಿಕೆ ಸುಲಿದು ಒಣಗಿಸಿದ ಮೇಲೆ ನಾನೂ ನನ್ನ ಗೆಳೆಯನೂ ಎರಡು ದಿನ ಬೆಂಗಳೂರು ನೋಡಿ ಬಂದೆವು. ಗೆಳೆಯ ತೋಟದವನು. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತವನು. ಅವನ ಮಗಳು ಎಂಟು ವರ್ಷದಿಂದ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾಳೆ. ಅಷ್ಟು ವರ್ಷದಲ್ಲಿ ಅವನು ಏಳೆಂಟು ಬಾರಿ ಹೋಗಿದ್ದಾನೆ. ಆದರೆ ಬಸ್ ನಿಲ್ದಾಣದಿಂದ ಮಗಳ ಮನೆ, ಮಗಳ ಮನೆಯಿಂದ ಬಸ್ ನಿಲ್ದಾಣ, ಅಷ್ಟೇ ಅವನ ಬೆಂಗಳೂರು. ಹೊರಡುವ ಮುನ್ನ ಅವನು ಎರಡು ಷರತ್ತು ಹಾಕಿದ. ಮೊದಲ ದಿನ ಯಾರ ಮನೆಗೂ ಹೋಗಬಾರದು. ಯಾವ ಕೆಲಸವನ್ನೂ ಜತೆಗೆ ಕಟ್ಟಿಕೊಳ್ಳಬಾರದು. ಶಿರಸಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಪರಿಚಯದವರು ‘ಎಂತ ಕೆಲ್ಸ ಇದ್ದು ಬೆಂಗ್ಳೂರಲ್ಲಿ?’ ಎಂದು ಕೇಳಿದರು. ‘ಎಂಥದೂ ಇಲ್ಲೆ, ನೋಡ್ಕ್ಯಂಡು ಬಪ್ಪಲೆ’ ಎಂದ ಗೆಳೆಯ. ಅವರು ನಂಬಲಿಲ್ಲ. ಯಾರಿಗೋ ಹುಷಾರಿಲ್ಲ, ಇವರು ಮುಚ್ಚಿಡುತ್ತಿದ್ದಾರೆ ಎಂಬಂತೆ ನಮ್ಮ ಮುಖ ನೋಡಿದರು.

ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರು. ನಿದ್ರೆ ಬರುವವರೆಗೆ ಮಾತಿಗೆ ಒಂದು ವಿಷಯ ಬೇಕಲ್ಲ? ‘ನಮ್ಮೂರಿಗೆ ಇದುವರೆಗೆ ಎಷ್ಟು ರಾಜಧಾನಿ ಆಗಿರಬಹುದು?’ ಎಂದು ಗೆಳೆಯ ಕೇಳಿದ. ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಯನ್ನು ನೀವೂ ನಿಮ್ಮ ನಿಮ್ಮ ಊರಿನ ಬಗ್ಗೆ ಕೇಳಿಕೊಳ್ಳಬಹುದು. ಇಸವಿಗಳ ಪಟ್ಟಿಯೆಂದು ಬೇಸರ ತರಿಸುವ ಇತಿಹಾಸ ಆಗ ಮನೆಯ ಮಾತಾಗುತ್ತದೆ.

ನಮ್ಮ ಸೀಮೆಯ ಮಟ್ಟಿಗೆ ಮೊದಲು ಹೇಳಬೇಕಾದದ್ದು ಬನವಾಸಿ. ಶಿರಸಿಯಿಂದ ಸುಮಾರು 23 ಕಿಲೋಮೀಟರು ದೂರದಲ್ಲಿ, ವರದಾ ನದಿಯ ದಂಡೆಯಲ್ಲಿ ಇಂದು ಹಳ್ಳಿಯಂತೆ ಮಲಗಿರುವ ಆ ಊರು ನಾಲ್ಕನೆಯ ಶತಮಾನದಲ್ಲಿ ಕದಂಬರ ರಾಜಧಾನಿಯಾಗಿತ್ತು. ಅದಕ್ಕೂ ಹಿಂದೆ, ಎರಡನೆಯ ಶತಮಾನದಲ್ಲೇ, ಗ್ರೀಕ್ ಭೂಗೋಳಕಾರ ಟಾಲೆಮಿ ಅದರ ಹೆಸರನ್ನು ಬರೆದಿಟ್ಟಿದ್ದ. ಮುಂದೆ ಬಾದಾಮಿ, ಮಾನ್ಯಖೇಟ, ಕಲ್ಯಾಣದ ಅರಸರ ಕಾಲದಲ್ಲಿ ಬನವಾಸಿ ಒಂದು ದೊಡ್ಡ ಪ್ರಾಂತದ ಹೆಸರಾಯಿತು. ಆಮೇಲೆ ವಿಜಯನಗರ. ಅದರ ನೆರಳಿನಲ್ಲಿ ನಮ್ಮದೇ ಸೋಂದೆಯ ಅರಸರು. ಹೈದರಾಲಿ 1763-64ರ ಸುಮಾರಿಗೆ ಸೋಂದೆಯನ್ನು ಗೆದ್ದ ಮೇಲೆ ನಮಗೆ ಶ್ರೀರಂಗಪಟ್ಟಣವೇ ರಾಜಧಾನಿ. 1799ರಲ್ಲಿ ಟಿಪ್ಪು ಮಡಿದಾಗ ಇಡೀ ಕನ್ನಡ ಜಿಲ್ಲೆ ಬ್ರಿಟಿಷರ ಮದರಾಸಿಗೆ ಸೇರಿತು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೆ ಹಾಕುವ ಲೆಕ್ಕಾಚಾರ ಬಂದಾಗ, 1862ರಲ್ಲಿ, ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಅಲ್ಲಿಂದ ಸುಮಾರು ತೊಂಬತ್ತನಾಲ್ಕು ವರ್ಷ ನಮ್ಮ ರಾಜಧಾನಿ ಮುಂಬಯಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗಲೇ ಬೆಂಗಳೂರು ನಮ್ಮದಾದದ್ದು.

‘ಹಾಗಾದರೆ ನಾವೇನೂ ಎದ್ದು ಹೋಗದೆ, ತೋಟ ಬಿಡದೆ, ಇಷ್ಟು ರಾಜಧಾನಿ ನೋಡಿದವು ಅನ್ನು’ ಎಂದ ಗೆಳೆಯ. ಅಡಿಕೆ ತೋಟ ಇದ್ದಲ್ಲೇ ಇತ್ತು. ರಾಜಧಾನಿಗಳೇ ಬಂದು ಹೋದವು.

ರಾಜಧಾನಿಗೆ ಹೋಗಿ ಬಂದ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹೆಸರಾದವನನ್ನು ಇಲ್ಲಿ ನೆನೆಯದಿರುವುದು ಹೇಗೆ? ಅವನೇ ಮಯೂರಶರ್ಮ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಶಾಸನ ಅವನ ಕತೆ ಹೇಳುತ್ತದೆ. ಹೆಚ್ಚಿನ ವಿದ್ಯೆಗಾಗಿ ಅವನು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಗೆ ಹೋದ. ವೀರಶರ್ಮ ಅವನಿಗೆ ಗುರುವೂ ಹೌದು, ಅಜ್ಜನೂ ಹೌದು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಬೇಕಾಯಿತು. ಬನವಾಸಿ ರಾಜಧಾನಿಯಾದದ್ದು ಹಾಗೆ. ದೊಡ್ಡ ನಗರದಲ್ಲಿ ಹಳ್ಳಿಯ ಹುಡುಗನನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗಲಿಕ್ಕಿಲ್ಲ!

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಹತ್ತಿರದ ಒಂದು ವಸತಿಗೃಹದಲ್ಲಿ ಸ್ನಾನ ಮಾಡಿ, ತಿಂಡಿ ತಿಂದು ಮೆಟ್ರೋ ಹತ್ತಿದೆವು. ನೆಲದೊಳಗಿನ ಈ ಮಾರ್ಗ ಶುರುವಾದದ್ದು 2016ರಲ್ಲಿ. ಕೆಲವೇ ನಿಮಿಷಗಳಲ್ಲಿ ವಿಧಾನಸೌಧದ ನಿಲ್ದಾಣ. ಮೇಲೆ ಬಂದರೆ ಎದುರಿಗೇ ಆ ಕಲ್ಲಿನ ಬೆಟ್ಟ.

ವಿಧಾನಸೌಧವನ್ನು ಚಿತ್ರದಲ್ಲಿ ನೋಡದವರಿಲ್ಲ. ಆದರೆ ಚಿತ್ರದಲ್ಲಿ ಅಳತೆ ತಿಳಿಯುವುದಿಲ್ಲ. ಮುಂಭಾಗದ 12 ಕಲ್ಲುಕಂಬಗಳು ತಲಾ 40 ಅಡಿ ಎತ್ತರ. ಮೆಟ್ಟಿಲು 45, ಅವುಗಳ ಅಗಲವೇ 200 ಅಡಿಗಿಂತ ಹೆಚ್ಚು. ಗೆಳೆಯ ತನ್ನ ಲೆಕ್ಕದಲ್ಲಿ ಅಳೆದ: ‘ಸಾಧಾರಣ ಅಡಿಕೆ ಮರದಷ್ಟು ಎತ್ತರದ ಕಂಬ. ಆದರೆ ಇದಕ್ಕೆ ಕೊನೆಗಾರ ಹತ್ತಲಾರ.’ ಇದಕ್ಕೆ ಶಂಕುಸ್ಥಾಪನೆ ಮಾಡಿದವರು ಜವಾಹರಲಾಲ್ ನೆಹರೂ, 1951ರ ಜುಲೈ 13ರಂದು. ಮುಂದಿನ ವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಾಯಿಸಿ, ದ್ರಾವಿಡ ಶೈಲಿಯ ಈ ಭವ್ಯ ರೂಪ ಕೊಟ್ಟರು. ಸಾವಿರಾರು ಕೂಲಿಗಳು, ಕಲ್ಲುಕುಟಿಗರು, ಬಡಗಿಗಳು ದುಡಿದರು. ಆ ಕಾಲದ ಸುಮಾರು ಒಂದೂಮುಕ್ಕಾಲು ಕೋಟಿ ರೂಪಾಯಿ ಖರ್ಚಾಯಿತು. ಕೆಲಸ ಮುಗಿದದ್ದು 1956ರಲ್ಲಿ. ಹಳೇ ಮೈಸೂರು ರಾಜ್ಯಕ್ಕೆಂದು ಕಟ್ಟತೊಡಗಿದ ಸೌಧ ಮುಗಿಯುವ ವರ್ಷಕ್ಕೆ ಸರಿಯಾಗಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗಿನ ಕನ್ನಡಿಗರೂ ಬಂದು ಸೇರಿದರು.

ಅಂದ ಹಾಗೆ, ನಮ್ಮ ನೆರೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಇದೇ ಸೌಧದಲ್ಲಿ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತರು. ಮುಂಬಯಿ ಪ್ರಾಂತದ ಮೂಲೆಯಾಗಿದ್ದ ಒಂದು ಹಳ್ಳಿಯಿಂದ ಆ ಕೋಣೆಗೆ ಇರುವ ದೂರ ಒಂದು ತಲೆಮಾರಿನಷ್ಟು ಮಾತ್ರ. ವಿಧಾನಸೌಧವನ್ನು ಒಳಗೂ ನಡೆದು ನೋಡುವ ಮಾರ್ಗದರ್ಶಿ ವೀಕ್ಷಣೆಯನ್ನು ಸರ್ಕಾರ 2025ರಲ್ಲಿ ಆರಂಭಿಸಿತು. ಹೋಗುವವರು ದಿನ, ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ರಸ್ತೆಯ ಈಚೆ ಬದಿಗೆ ಕೆಂಪು ಕಟ್ಟಡ, ಉಚ್ಚ ನ್ಯಾಯಾಲಯ. ಅದರ ಹಳೆಯ ಹೆಸರು ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಆ ಹೆಸರು. ಸರ್ಕಾರದ ಕಚೇರಿ ಮೊದಲಿದ್ದದ್ದು ಕೋಟೆಯ ಬಳಿಯ ಟಿಪ್ಪುವಿನ ಅರಮನೆಯಲ್ಲಿ. 1868ರಲ್ಲಿ ಅದು ಈ ಕೆಂಪು ಕಟ್ಟಡಕ್ಕೆ ಬಂತು. 1956ರಲ್ಲಿ ರಸ್ತೆ ದಾಟಿ ವಿಧಾನಸೌಧಕ್ಕೆ ಹೋಯಿತು. ಒಂದೇ ಊರಿನಲ್ಲಿ ಸರ್ಕಾರ ಮೂರು ಮನೆ ಮಾಡಿದೆ ಎನ್ನಬೇಕು.

ಈ ಕೆಂಪು ಕಟ್ಟಡದ ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1980ರ ದಶಕದ ಆರಂಭದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕಿತ್ತು. ನಾಗರಿಕರು ಒಪ್ಪಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೆಟ್ಟಿಲು ಯಾವ ಕಟ್ಟಡದ್ದು? ಕೆಡವಬೇಕೆಂದಿದ್ದ ಕಟ್ಟಡದ್ದೇ! ತಾನು ಕೂತ ಸೂರು ಉಳಿಯಬೇಕೇ ಬೇಡವೇ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು. ಕಟ್ಟಡ ಉಳಿಯಿತು. ಪೌರನೀತಿಯ ಪುಸ್ತಕದಲ್ಲಿ ಶಾಸಕಾಂಗ, ನ್ಯಾಯಾಂಗ ಎಂದು ಉರು ಹೊಡೆಯುವ ಮಕ್ಕಳು ಆ ಎರಡೂ ಎದುರುಬದುರಾಗಿ ನಿಂತಿರುವ ಈ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಪಾಠ ಮರೆಯುವುದಿಲ್ಲ.

ಹಿಂದೆಯೇ ಕಬ್ಬನ್ ಪಾರ್ಕು, 1870ರಲ್ಲಿ ರೂಪುಗೊಂಡದ್ದು. ಅದರ ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಸಾಲು ಸಾಲು ಕಪಾಟು, ಮರದ ಮೇಜು, ಸದ್ದಿಲ್ಲದೆ ಓದುವ ಹುಡುಗ ಹುಡುಗಿಯರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ ಹೆಚ್ಚು. ಬಾಡಿಗೆ ಕೋಣೆಯಲ್ಲಿ ಜಾಗವಿಲ್ಲದ ಎಷ್ಟು ಮಕ್ಕಳಿಗೆ ಈ ಮೇಜೇ ಮನೆಯೋ! ನಾಳೆ ಬೆಂಗಳೂರಿಗೆ ಓದಲು ಹೋಗುವ ನಮ್ಮ ಮಕ್ಕಳಿಗೆ ಇಂಥದೊಂದು ಜಾಗ ಉಂಟು ಎಂದು ಗೊತ್ತಿದ್ದರೆ ಸಾಕು, ನಗರ ಅರ್ಧ ಹತ್ತಿರವಾದಂತೆ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಒಂದು, 1865ರಲ್ಲಿ ಸ್ಥಾಪನೆಯಾದದ್ದು. ಆತಕೂರಿನ ವೀರಗಲ್ಲು ಅದರ ಸಂಗ್ರಹದಲ್ಲಿದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಅವನ ಕಡೆಯ ವೀರ ಮಣಲೇರ ಮಹಾ ಪರಾಕ್ರಮ ತೋರಿದ. ಮೆಚ್ಚಿದ ಅರಸ ‘ಏನು ಬೇಕು?’ ಎಂದಾಗ ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಹಂದಿಯೂ ನಾಯಿಯೂ ಸೆಣಸುವ ಚಿತ್ರ ಆ ಕಲ್ಲಿನ ಮೇಲಿದೆ. ಹಂದಿ ಕಾಟದಿಂದ ರಾತ್ರಿಯಿಡೀ ತೋಟ ಕಾಯುವ ನನ್ನ ಗೆಳೆಯನಿಗೆ ಈ ಕತೆ ಎಷ್ಟು ಹಿಡಿಸಿತೆಂದರೆ, ಸಾವಿರ ವರ್ಷದ ಹಿಂದಿನ ಆ ನಾಯಿಯ ಬಗ್ಗೆ ಅವನು ಪಕ್ಕದ ಮನೆಯದೆಂಬಂತೆ ಮಾತಾಡತೊಡಗಿದ.

ಇದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಹೈಸ್ಕೂಲಿನ ಮಕ್ಕಳಿಗೆ ಇಲ್ಲಿ ಅರ್ಧ ದಿನವೂ ಸಾಲದು. ರಾಟೆ, ಸನ್ನೆ, ಗಾಲಿ, ಎಂಜಿನು ಎಲ್ಲವನ್ನೂ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡಬಹುದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿಯೂ ಇದೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ. ಆ ಬಗೆಯ ಸಂಗತಿ ಕೇಳಿದ ಮಗು ಮನೆಗೆ ಬಂದು ‘ನಮ್ಮೂರಿಗೆ ಕರೆಂಟು ಯಾವಾಗ ಬಂತು?’ ಎಂದು ಅಜ್ಜನನ್ನು ಕೇಳದೆ ಇರುತ್ತದೆಯೇ?

ಮರುದಿನ ಭಾನುವಾರ. ಬೆಳಿಗ್ಗೆ ಕೋಟೆ, ಟಿಪ್ಪುವಿನ ಅರಮನೆ. 1537ರಲ್ಲಿ ಕೆಂಪೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದನ್ನು ಕಟ್ಟಿಸಿದವನು ಹೈದರ. ಅರಮನೆ 1791ರಲ್ಲಿ ಮುಗಿದದ್ದು, ಬಹುಪಾಲು ಮರದ್ದು. ಆ ಮರದ ಕಂಬಗಳನ್ನು ಮುಟ್ಟಿ ನೋಡಿದ ಗೆಳೆಯ ‘ನಮ್ಮ ಕಡೆಯ ಹಳೆ ಮನೆಯ ಜಗುಲಿ ನೆನಪಾಗ್ತು’ ಎಂದ.

ಮಧ್ಯಾಹ್ನದ ಮೇಲೆ ಲಾಲ್‌ಬಾಗು. ಇದನ್ನು 1760ರಲ್ಲಿ ಶುರು ಮಾಡಿದವನೂ ಅದೇ ಹೈದರಾಲಿ. ಒಂದು ಕೈಯಲ್ಲಿ ಸೋಂದೆಯಂಥ ಚಿಕ್ಕ ರಾಜ್ಯಗಳನ್ನು ಕೀಳುತ್ತಿದ್ದವನು ಇನ್ನೊಂದು ಕೈಯಲ್ಲಿ ಗಿಡ ನೆಡಿಸುತ್ತಿದ್ದ ಎಂದರೆ ಮನುಷ್ಯನ ಸ್ವಭಾವ ವಿಚಿತ್ರವೇ. ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಆದರೆ ನಾವು ಹೆಚ್ಚು ಹೊತ್ತು ಕೂತದ್ದು ಅಲ್ಲಿನ ಬಂಡೆಯ ಮೇಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವೂ ಇದೆ. ಅದರ ತುದಿಗೆ ಕೆಂಪೇಗೌಡನ ಗೋಪುರ, ಸುತ್ತ ಕಣ್ಣು ಹಾಯುವಷ್ಟು ದೂರವೂ ಊರು.

ಗೆಳೆಯನ ಮಗಳು ನಮ್ಮನ್ನು ಕಾಣಲು ಅಲ್ಲಿಗೇ ಬಂದಳು. ಎಂಟು ವರ್ಷದಿಂದ ಇದೇ ಊರಿನಲ್ಲಿದ್ದರೂ ಅವಳು ಲಾಲ್‌ಬಾಗಿಗೆ ಬಂದದ್ದು ಎರಡೇ ಸಲವಂತೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಊರು ನೋಡುವ ಹೊತ್ತಾದರೂ ಎಲ್ಲಿ? ಗೆಳೆಯ ಅವಳನ್ನು ಬಂಡೆಯ ಮೇಲೆ ಕೂರಿಸಿ ಹೇಳತೊಡಗಿದ: ಅಠಾರಾ ಕಚೇರಿ ಹೇಗೆ ಉಳಿಯಿತು, ಕಾಳಿ ಎಂಬ ನಾಯಿ ಹಂದಿಯನ್ನು ಹೇಗೆ ಕೊಂದಿತು, ಗ್ರಂಥಾಲಯದಲ್ಲಿ ಎಷ್ಟು ಜನ ಓದುತ್ತಿದ್ದರು. ‘ಅಪ್ಪಯ್ಯಾ, ಇದೆಲ್ಲ ನಿಂಗೆ ಹ್ಯಾಂಗೆ ಗೊತ್ತಿದ್ದು?’ ಎಂದು ಅವಳು ಬೆರಗಾದಳು. ಇಷ್ಟು ದಿನ ಅವಳು ಅಪ್ಪನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಅಂದು ಸಂಜೆ ಅಪ್ಪ ಅವಳಿಗೆ ಬೆಂಗಳೂರು ತೋರಿಸಿದ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆ ತುಂಬ ಮಂದಿಯಿದ್ದ ಕಾಲ ಹೋಯಿತು. ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ಫೋನಿನಲ್ಲಿ ಮಾತು ‘ಊಟ ಆಯ್ತಾ, ಮಳೆ ಬಂತಾ’ ಎಂಬಲ್ಲಿಗೆ ಮುಗಿಯುತ್ತದೆ. ಅವರಿರುವ ಊರು ಇವರಿಗೆ ತಿಳಿಯದು, ಇವರ ಊರಿನ ಸುದ್ದಿ ಅವರಿಗೆ ಸಾಲದು. ಅಪ್ಪ ಅಮ್ಮ ಮಕ್ಕಳಿರುವ ಊರನ್ನು ಒಮ್ಮೆ ನೋಡಲೆಂದೇ ನೋಡಿದರೆ ಮಾತಿಗೆ ಒಂದು ದಾರಿ ತೆರೆಯುತ್ತದೆ. ಗೆಳೆಯನ ಮನೆಯಲ್ಲಿ ಅದು ತೆರೆದದ್ದನ್ನು ಕಂಡಿದ್ದೇನೆ.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ಮಗನೋ ಮಗಳೋ ಓದಿಗಾಗಿ ಊರು ಬಿಡುವ ಮುನ್ನ, ಒಮ್ಮೆ ರಾಜಧಾನಿಯನ್ನು ನೋಡಲಿಕ್ಕೆಂದೇ ಕಳಿಸಿಕೊಡಿ. ಸಣ್ಣವರಾದರೆ ನೀವೇ ಜತೆಗೆ ಹೋಗಿ. ಪಿಯುಸಿ ದಾಟಿದವರಾದರೆ ಗೆಳೆಯನ ಜತೆ, ಗೆಳತಿಯ ಜತೆ ಕಳಿಸಿ. ಒಂಟಿಯಾಗಿ ಬೇಡ, ಐವತ್ತು ಜನರ ಗುಂಪಿನಲ್ಲೂ ಬೇಡ. ಶಾಲೆಯ ಪ್ರವಾಸದಲ್ಲಿ ಬಸ್ಸಿನಿಂದ ಇಳಿದು, ಎಣಿಸಿಕೊಂಡು, ಹತ್ತುವುದರೊಳಗೆ ದಿನ ಮುಗಿಯುತ್ತದೆ. ಇಬ್ಬರಿದ್ದರೆ ಒಬ್ಬ ದಾರಿ ಕೇಳುತ್ತಾನೆ, ಇನ್ನೊಬ್ಬ ಚೀಲ ಕಾಯುತ್ತಾನೆ. ಒಬ್ಬ ನೋಡದ್ದನ್ನು ಇನ್ನೊಬ್ಬ ನೋಡುತ್ತಾನೆ. ಖರ್ಚಿನ ಮಾತು ಬಂದರೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ‘ಹುಡುಗಿ, ದೂರ ಹೇಗೆ ಕಳಿಸುವುದು’ ಎನ್ನುವ ಮನೆಗಳವರೂ ಇದನ್ನು ಯೋಚಿಸಬಹುದು. ನಾಲ್ಕು ತಿಂಗಳ ಬಳಿಕ ಅವಳನ್ನು ಅದೇ ಊರಿನ ಹಾಸ್ಟೆಲಿಗೆ ಒಬ್ಬಳನ್ನೇ ಬಿಟ್ಟು ಬರುವವರು ನೀವೇ ಅಲ್ಲವೇ?

ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪ. ಮೊದಲು ಬನವಾಸಿಗೆ ಹೋಗಿ, ಅರ್ಧ ದಿನ ಸಾಕು. ಮಧುಕೇಶ್ವರ ದೇವಾಲಯ, ಸೋಂದೆ ಅರಸರು ಒಪ್ಪಿಸಿದ ಕಲ್ಲಿನ ಮಂಚ, ಪ್ರಾಕೃತ ಭಾಷೆಯ ಬರಹವಿರುವ ಐದು ಹೆಡೆಯ ನಾಗಶಿಲೆ, ಪಕ್ಕದಲ್ಲಿ ವರದೆ, ಎಲ್ಲವನ್ನೂ ನೋಡಿ. ಆಮೇಲೆ ಬೆಂಗಳೂರಿಗೆ ಹೋಗಿ. ದಿನಕ್ಕೆ ಮೂರು ಸ್ಥಳಕ್ಕಿಂತ ಹೆಚ್ಚು ಬೇಡ. ಸಂಗ್ರಹಾಲಯಗಳು ರಜೆಯೋ, ದುರಸ್ತಿಗೆ ಮುಚ್ಚಿವೆಯೋ ಎಂದು ಮೊದಲೇ ವಿಚಾರಿಸಿ. ಗುರುತಿನ ಚೀಟಿ, ನೀರಿನ ಬಾಟಲಿ, ಸಣ್ಣ ನೋಟುಪುಸ್ತಕ ಜತೆಗಿರಲಿ. ಮೊಬೈಲಿನಲ್ಲಿ ನೂರು ಚಿತ್ರ ತೆಗೆಯುವುದಕ್ಕಿಂತ ಹತ್ತು ಸಾಲು ಬರೆದುಕೊಂಡರೆ ಹೆಚ್ಚು ಕಾಲ ಉಳಿಯುತ್ತದೆ.

ಒಂದು ಕಾಲದಲ್ಲಿ ಟಾಲೆಮಿಗೂ ಗೊತ್ತಿದ್ದ ಬನವಾಸಿಯಲ್ಲಿ ಇಂದು ಗದ್ದೆಯ ಪಕ್ಕದಲ್ಲಿ ದನ ಮೇಯುತ್ತವೆ. ಬೆಂಗಳೂರಿನ ಬಂಡೆಯ ಮೇಲೆ ಒಂದು ಕಾಲದಲ್ಲಿ ಇದ್ದದ್ದು ಗಾಳಿ ಮಾತ್ರ. ಎರಡನ್ನೂ ಕಂಡ ಹುಡುಗ ದೊಡ್ಡ ಊರನ್ನು ಕಂಡು ಹೆದರುವುದಿಲ್ಲ, ಸಣ್ಣ ಊರಿನಿಂದ ಬಂದೆನೆಂದು ತಲೆ ತಗ್ಗಿಸುವುದೂ ಇಲ್ಲ. ಮುಂದಿನ ರಜೆ ಯಾವಾಗ ಎಂದು ಕ್ಯಾಲೆಂಡರ್ ನೋಡಿ, ಜತೆಗೆ ಬರುವ ಗೆಳೆಯ ಯಾರೆಂದು ಇವತ್ತೇ ಗೊತ್ತು ಮಾಡಿಕೊಳ್ಳಿ.